ಸೀಟು ಕಳಚಿದ ವಿಮಾನಕ್ಕೆ ಮರುಜನ್ಮ
ಗೊರೂರಿನ ಕ್ಯಾಪ್ಟನ್ ಕಂಡ ಕನಸು, ಮೀನಂಬಾಕಂ ಕಲಿಸಿದ ಲೆಕ್ಕ

ಪೋರೂರು: ಮೌಂಟ್-ಪೂನಮಲ್ಲಿ ರಸ್ತೆಯ ಗದ್ದಲ ಅಡಗಿದ ಮೇಲೂ ಪೋರೂರಿನ ಆಕಾಶ ಪೂರ್ತಿ ಮಲಗುವುದಿಲ್ಲ. ಮೀನಂಬಾಕಂ ವಿಮಾನ ನಿಲ್ದಾಣ ಇಲ್ಲಿಂದ ಕೆಲವೇ ಕಿಲೋಮೀಟರ್. ಅಲ್ಲಿಂದ ರಾತ್ರಿ ಹೊತ್ತು ಏಳುವ ಕೆಲವು ವಿಮಾನಗಳಲ್ಲಿ ಒಬ್ಬ ಪ್ರಯಾಣಿಕನೂ ಇರುವುದಿಲ್ಲ. ಒಂದು ಕಾಲದಲ್ಲಿ ಜನರನ್ನು ಹೊತ್ತು ಹಾರಿ, ವಯಸ್ಸಾದ ಮೇಲೆ ಸರಕು ಹೊರಲು ನಿಂತ ವಿಮಾನಗಳು ಅವು.

ಇಲ್ಲಿನ ಕನ್ನಡ ಕುಟುಂಬಗಳಿಗೆ ಈ ಕಥೆಯೊಂದಿಗೆ ಒಂದು ನಂಟೂ ಇದೆ. 2020ರಲ್ಲಿ ಬಂದ ತಮಿಳು ಚಿತ್ರ ‘ಸೂರರೈ ಪೋಟ್ರು’ ನಮ್ಮವರು ಅನೇಕರು ನೋಡಿರುತ್ತಾರೆ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಬದುಕಿನಿಂದ ಪ್ರೇರಣೆ ಪಡೆದ ಚಿತ್ರ ಅದು. 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ ಸಾಮಾನ್ಯರನ್ನೂ ವಿಮಾನ ಹತ್ತಿಸಿದ ಸಾಹಸ ಎಲ್ಲರಿಗೂ ಗೊತ್ತು. ಚಿತ್ರದಲ್ಲಿ ಬಾರದ ಇನ್ನೊಂದು ಅಧ್ಯಾಯವಿದೆ. ಏರ್ ಡೆಕ್ಕನ್ ಕೈಬಿಟ್ಟ ಮೇಲೆ, 2009ರಲ್ಲಿ ಅವರು ‘ಡೆಕ್ಕನ್ 360’ ಎಂಬ ಸರಕು ವಿಮಾನ ಸೇವೆ ಆರಂಭಿಸಿದರು. ದೇಶದ ನಡುಮಧ್ಯದ ನಾಗಪುರವೇ ಅದರ ಕೇಂದ್ರ. ಪ್ರಯಾಣಿಕ ವಿಮಾನದಿಂದ ಸರಕು ವಿಮಾನವಾಗಿ ಮಾರ್ಪಟ್ಟ ಏರ್‌ಬಸ್ ಎ-310 ಅದರ ದೊಡ್ಡ ವಾಹನ.

ಮಾರ್ಪಾಡು ಹೇಗೆ?

ಸೀಟು ಕಿತ್ತು ಮೂಟೆ ತುಂಬಿದರೆ ಸರಕು ವಿಮಾನವಾಗುವುದಿಲ್ಲ. ಮೊದಲು ಸೀಟು, ಶೌಚಾಲಯ, ಅಡುಗೆಕಟ್ಟೆ, ತಲೆಮೇಲಿನ ಸಾಮಾನುಗೂಡು ಎಲ್ಲವನ್ನೂ ಕಳಚುತ್ತಾರೆ. ಕಿಟಕಿಗಳನ್ನು ತಗಡಿನಿಂದ ಮುಚ್ಚುತ್ತಾರೆ. ಮುಂಭಾಗದ ಎಡಪಕ್ಕದಲ್ಲಿ ವಿಮಾನದ ಮೈಯನ್ನೇ ಕತ್ತರಿಸಿ, ಮೇಲಕ್ಕೆ ತೆರೆದುಕೊಳ್ಳುವ ದೊಡ್ಡ ಬಾಗಿಲು ಕೂರಿಸುತ್ತಾರೆ. ಅಲ್ಲಿ ಹೋದ ಬಲವನ್ನು ತುಂಬಲು ಸುತ್ತಲೂ ಹೊಸ ಚೌಕಟ್ಟು ಬೇಕು. ನೆಲದ ತೊಲೆಗಳನ್ನು ಗಟ್ಟಿಮಾಡಿ, ಸರಕಿನ ಹಲಗೆಗಳು ಸಲೀಸಾಗಿ ಜಾರಲು ಉರುಳೆಗಳನ್ನು ಜೋಡಿಸುತ್ತಾರೆ. ಅವಘಡದಲ್ಲಿ ಸರಕು ಮುಂದಕ್ಕೆ ನುಗ್ಗಿ ಪೈಲಟ್ ಮೇಲೆ ಬೀಳದಂತೆ ಬಲವಾದ ತಡೆಗೋಡೆ, ಹೊಗೆ ಕಂಡುಹಿಡಿಯುವ ಸಾಧನ ಎಲ್ಲವೂ ಕಡ್ಡಾಯ. ಒಂದು ವಿಮಾನಕ್ಕೆ ತಿಂಗಳುಗಟ್ಟಲೆ ಕೆಲಸ. ಬೋಯಿಂಗ್ 737-800 ಈ ರೀತಿ ಬದಲಾದರೆ ಸುಮಾರು 23 ಟನ್ ಹೊರುತ್ತದೆ.

ಹಳೆಯದೇ ಏಕೆ?

ಇಲ್ಲಿದೆ ಲೆಕ್ಕ. ಪ್ರಯಾಣಿಕ ವಿಮಾನ ಹಗಲೂ ರಾತ್ರಿ ಹಾರಿ ದುಡಿಯುತ್ತದೆ. ಕೊರಿಯರ್ ವಿಮಾನ ಬಹುಮಟ್ಟಿಗೆ ರಾತ್ರಿ ಕೆಲವು ಗಂಟೆ ಹಾರಿ, ಹಗಲು ನಿಂತಿರುತ್ತದೆ. ಹೊಸ ವಿಮಾನ ತಂದರೆ ಅದು ನಿಂತಿದ್ದರೂ ಬಡ್ಡಿ ನಿಲ್ಲುವುದಿಲ್ಲ. ಹದಿನೈದು ಇಪ್ಪತ್ತು ವರ್ಷ ಹಾರಿದ ವಿಮಾನದ ಬೆಲೆ ಇಳಿದಿರುತ್ತದೆ. ಅಸಲು ಕಡಿಮೆ, ಬಡ್ಡಿಯೂ ಕಡಿಮೆ. ಆನೆ ಇದ್ದರೂ ಸಾವಿರ ಹೊನ್ನು, ಸತ್ತರೂ ಸಾವಿರ ಹೊನ್ನು ಎಂಬ ಗಾದೆ ಇಂಥ ವಿಮಾನಕ್ಕೂ ಒಪ್ಪುತ್ತದೆ.

ಆದರೆ ಆನೆ ಅಗ್ಗಕ್ಕೆ ಸಿಕ್ಕಿತೆಂದು ಮೇವು ಅಗ್ಗವಾಗುವುದಿಲ್ಲ. ಹಳೆಯ ವಿಮಾನಕ್ಕೆ ಇಂಧನ ಹೆಚ್ಚು, ರಿಪೇರಿ ಹೆಚ್ಚು. ಅರ್ಧ ಖಾಲಿ ಹಾರಿದರೂ ಈ ಖರ್ಚು ತಪ್ಪದು. ಡೆಕ್ಕನ್ 360ರ ಹಾರಾಟ 2011ರಲ್ಲೇ ನಿಂತಿತು. ಬಾಕಿ ಬರಬೇಕಿದ್ದ ಕಂಪನಿಗಳು ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿದವು.

ಮೀನಂಬಾಕಂ ಪಾಠ

ಇದೇ ಬಗೆಯ ವ್ಯವಹಾರ ಚೆನ್ನೈಯಲ್ಲಿ ನೆಲೆಯೂರಿ ಉಳಿದಿದೆ. ಬ್ಲೂ ಡಾರ್ಟ್ ಏವಿಯೇಷನ್ ಸಂಸ್ಥೆಯ ನೆಲೆ ಮೀನಂಬಾಕಂ. ಬೋಯಿಂಗ್ 737ರೊಂದಿಗೆ 1996ರಲ್ಲಿ ಹಾರಾಟ ಆರಂಭಿಸಿ, ಬಳಿಕ ದೊಡ್ಡದಾದ 757-200 ವಿಮಾನಗಳಿಗೆ ಅದು ಏರಿತು. ಈ 757ಗಳೂ ಮೊದಲು ಜನರನ್ನು ಹೊತ್ತವೇ. ಗಮನಿಸಬೇಕಾದ ಸಂಗತಿಯೆಂದರೆ, ಬ್ಲೂ ಡಾರ್ಟ್ ಕೊರಿಯರ್ ಕಂಪನಿ ಹುಟ್ಟಿದ್ದು 1983ರಲ್ಲಿ. ಹದಿಮೂರು ವರ್ಷ ನೆಲದ ಮೇಲೆ ಗಿರಾಕಿಗಳನ್ನು ಕೂಡಿಸಿಕೊಂಡು ಆಮೇಲೆ ಸ್ವಂತ ವಿಮಾನ ಹಾರಿಸಿತು. ಡೆಕ್ಕನ್ 360 ಗಿರಾಕಿಯನ್ನೂ ವಿಮಾನವನ್ನೂ ಒಟ್ಟೊಟ್ಟಿಗೆ ಹುಡುಕಬೇಕಾಯಿತು. ಕನಸು ಚಿಕ್ಕದಾಗಿತ್ತು ಎಂದಲ್ಲ. ಮೇವು ಕೂಡಿಟ್ಟುಕೊಳ್ಳುವ ಮೊದಲೇ ಆನೆ ಬಾಗಿಲಿಗೆ ಬಂದಿತ್ತು.

ಮುಂದೇನು?

ಕೊರೊನಾ ಕಾಲದಲ್ಲಿ ಪ್ರಯಾಣಿಕ ವಿಮಾನಗಳು ನಿಂತಾಗ ಅವುಗಳ ಹೊಟ್ಟೆಯಲ್ಲಿ ಹೋಗುತ್ತಿದ್ದ ಸರಕೂ ನಿಂತಿತು. ಸರಕು ವಿಮಾನದ ಬೆಲೆ ಆಗ ಎಲ್ಲರಿಗೂ ತಿಳಿಯಿತು. 2022ರಲ್ಲಿ ಇಂಡಿಗೋ ಮಾರ್ಪಡಿಸಿದ ಎ-321 ತಂದಿತು. ಬೆಂಗಳೂರಿನ ಕ್ವಿಕ್‌ಜೆಟ್ ಸಂಸ್ಥೆ 2023ರ ಜನವರಿಯಿಂದ ಅಮೆಜಾನ್‌ಗಾಗಿ 737-800 ಹಾರಿಸತೊಡಗಿತು. ದೂರದ ಹಾರಾಟಕ್ಕೆ ಇಸ್ರೇಲಿನ ಐಎಐ ಸಂಸ್ಥೆ ದೊಡ್ಡ ಬೋಯಿಂಗ್ 777-300ಇಆರ್ ಅನ್ನೇ ಸುಮಾರು 100 ಟನ್ ಹೊರುವಂತೆ ಮಾರ್ಪಡಿಸಿದೆ. ಅದೇ ಐಎಐ ಜೊತೆ ಬೆಂಗಳೂರಿನ ಎಚ್‌ಎಎಲ್ 2022ರ ಏಪ್ರಿಲ್‌ನಲ್ಲಿ ಒಪ್ಪಂದ ಮಾಡಿಕೊಂಡಿತು. ಪ್ರಯಾಣಿಕ ವಿಮಾನವನ್ನು ಇಂಧನ ಟ್ಯಾಂಕರ್ ಹಾಗೂ ಸರಕು ವಿಮಾನವಾಗಿ ಭಾರತದಲ್ಲೇ ಬದಲಿಸುವುದು ಅದರ ಉದ್ದೇಶ. ಹೈದರಾಬಾದಿನಲ್ಲಿ ಜಿಎಂಆರ್ ಜೊತೆ ಇಂಥದೇ ಘಟಕ ತೆರೆಯುವುದಾಗಿ 2023ರಲ್ಲಿ ಬೋಯಿಂಗ್ ಪ್ರಕಟಿಸಿತು.

ಇದರಲ್ಲಿ ನಮ್ಮ ಮಕ್ಕಳಿಗೂ ದಾರಿಯಿದೆ. ವಿಮಾನ ಎಂದೊಡನೆ ಪೈಲಟ್ ಅಥವಾ ಗಗನಸಖಿ ಎಂದಷ್ಟೇ ನೆನೆಯುವ ಪೋಷಕರು, ತಗಡು ಕತ್ತರಿಸಿ ಬಾಗಿಲು ಕೂರಿಸುವವರು, ವೈರಿಂಗ್ ಬದಲಿಸುವವರು, ಪರೀಕ್ಷಿಸಿ ಸಹಿ ಹಾಕುವ ಮೇಂಟೆನೆನ್ಸ್ ಎಂಜಿನಿಯರುಗಳು ಕೂಡ ಬೇಕೆಂಬುದನ್ನು ಗಮನಿಸಬೇಕು. ಸಂಘದ ವಿದ್ಯಾರ್ಥಿ ಮಾರ್ಗದರ್ಶನ ಸಭೆಗಳಲ್ಲಿ ಈ ವಿಷಯವನ್ನೂ ಸೇರಿಸಿಕೊಂಡರೆ ಒಳಿತು.