ಒಂದನೇ ತಾರೀಕಿನ ಹಿಂದೆ ದುಡಿಯುವವರು

ಒಂದನೇ ತಾರೀಕು ಬಂತೆಂದರೆ ನಮ್ಮ ಬ್ಯಾಂಕಿನ ಕೌಂಟರಿನ ಎದುರು ಪಾಸ್‌ಬುಕ್ ಹಿಡಿದವರ ಸಾಲು ಬೆಳೆಯುತ್ತದೆ. ಮೊಬೈಲಿನಲ್ಲಿ ಸಂದೇಶ ಬರುವ ಈ ಕಾಲದಲ್ಲೂ ಪಾಸ್‌ಬುಕ್ಕಿನಲ್ಲಿ ಅಚ್ಚಾದ ಅಂಕಿಯನ್ನು ಕಣ್ಣಾರೆ ಕಂಡರೇ ಸಮಾಧಾನ ಎನ್ನುವವರು ಬಹಳ ಮಂದಿ. ಪಾಲಿಕೆಯ ಸಫಾಯಿ ಕಾಮಗಾರರು, ನೀರಿನ ಇಲಾಖೆಯವರು, ನಿವೃತ್ತ ಶಿಕ್ಷಕರು ಅವರಲ್ಲಿ ಹೆಚ್ಚು. "ಪಗಾರ ಬಂತಾ?" ಎಂಬುದೊಂದೇ ಎಲ್ಲರ ಪ್ರಶ್ನೆ. ಬಂದಿದ್ದರೆ ನಗು, ಬಾರದಿದ್ದರೆ ಬೈಗುಳ ನಮಗೆ. ಆಗ ನಾವು ಗುಮಾಸ್ತರು ಹೇಳುವ ಸಿದ್ಧ ಉತ್ತರ ಒಂದಿದೆ. "ಅಲ್ಲಿಂದ ಬಂದಷ್ಟನ್ನು ಇಲ್ಲಿ ಜಮಾ ಮಾಡುತ್ತೇವೆ. ನಿಮ್ಮ ಆಫೀಸಿನಲ್ಲಿ ಕೇಳಿ."

ಮೂವತ್ತು ವರ್ಷಗಳಿಂದ ನಾನೂ ಇದನ್ನೇ ಹೇಳುತ್ತ ಬಂದವನು. ಆದರೆ ಆ "ಅಲ್ಲಿ" ಎಂಬಲ್ಲಿ ಯಾರು ಕುಳಿತಿದ್ದಾರೆ, ಏನು ಮಾಡುತ್ತಾರೆ ಎಂದು ಯೋಚಿಸಿದವನಲ್ಲ. ಅದನ್ನು ನನಗೆ ತಿಳಿಸಿಕೊಟ್ಟವಳು ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಮಗಳು. ಮುಂಬಯಿ ಸುತ್ತಲಿನ ಒಂದು ಪಾಲಿಕೆಯಲ್ಲಿ ಆಸ್ಥಾಪನಾ ವಿಭಾಗಕ್ಕೆ, ಅಂದರೆ ನೌಕರರ ನೇಮಕ, ರಜೆ, ಬಡ್ತಿ, ಪಗಾರ, ಪಿಂಚಣಿ ನೋಡುವ ವಿಭಾಗಕ್ಕೆ, ಕಂಪ್ಯೂಟರಿನ ತಾಂತ್ರಿಕ ನೆರವು ನೀಡುವುದು ಆಕೆಯ ಕೆಲಸ.

ಕೆಲಸವೆಂದರೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ತೆಗೆಯುವುದು, ಮರೆತ ಪಾಸ್‌ವರ್ಡ್ ಬದಲಿಸಿ ಕೊಡುವುದು ಎಂದೇ ನಾನು ತಿಳಿದಿದ್ದೆ. ಅದೂ ಉಂಟು. ಆದರೆ ಮುಖ್ಯ ಕೆಲಸ ತಿಂಗಳ ಕೊನೆಯ ವಾರದ್ದು. ಎಲ್ಲ ವಾರ್ಡುಗಳಿಂದ ಹಾಜರಿ ಬರಬೇಕು, ರಜೆ ಮಂಜೂರಾಗಿರಬೇಕು, ಸೊಸೈಟಿ ಸಾಲದ ಕಂತು, ಆದಾಯ ತೆರಿಗೆ, ಪಿ.ಎಫ್. ಕಡಿತ ಎಲ್ಲ ಸೇರಬೇಕು. ಅನಂತರ ಪಗಾರದ ಲೆಕ್ಕ ಓಡಿಸಿ, ಬ್ಯಾಂಕಿಗೆ ಕಡತ ಕಳುಹಿಸಬೇಕು. ಬೆರಳಚ್ಚು ಯಂತ್ರ ಕೈಕೊಟ್ಟರೆ ಆ ವಾರ್ಡಿನವರೆಲ್ಲ ಗೈರುಹಾಜರು. ಪೊರಕೆ ಹಿಡಿದು, ಕಸ ಎತ್ತಿ ಬೆರಳ ಗೆರೆ ಸವೆದವರನ್ನು ಯಂತ್ರ ಗುರುತಿಸುವುದೇ ಇಲ್ಲ. ಖಾತೆ ಸಂಖ್ಯೆಯಲ್ಲಿ ಒಂದಂಕಿ ತಪ್ಪಿದರೂ ಒಂದು ಮನೆಯ ರೇಷನ್ ನಿಲ್ಲುತ್ತದೆ.

ಬ್ಯಾಂಕುಗಳ ವಿಲೀನದ ಸಮಯ ನಮ್ಮವರಿಗೆ ನೆನಪಿರಬಹುದು. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಅಲ್ಲೇ ಆರಂಭವಾದ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ಆರಂಭವಾದ ವಿಜಯಾ ಬ್ಯಾಂಕ್ ಇವು ಮೂರೂ ಮುಂಬಯಿ ಕನ್ನಡಿಗರ ಮನೆಯ ಬ್ಯಾಂಕುಗಳಿದ್ದ ಹಾಗೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಬೋರ್ಡು ಬದಲಾದದ್ದು ಎಲ್ಲರಿಗೂ ಕಂಡಿತು. ಹನ್ನೊಂದು ಅಕ್ಷರದ ಐಎಫ್‌ಎಸ್‌ಸಿ ಕೋಡ್ ಬದಲಾದದ್ದು ಬಹಳ ಮಂದಿಗೆ ತಿಳಿಯಲಿಲ್ಲ. "ಅಂಕಲ್, ಆಗ ನಾವು ಒಬ್ಬೊಬ್ಬರ ಕೋಡ್ ಹುಡುಕಿ ತಿದ್ದುತ್ತಾ ರಾತ್ರಿ ಕಡೇ ಲೋಕಲ್ ಹಿಡಿದು ಮನೆಗೆ ಬಂದದ್ದುಂಟು" ಎಂದಳು ಆಕೆ. ಆಗ ನಾನು ಕೌಂಟರಿನಲ್ಲಿ ಕುಳಿತು "ನಿಮ್ಮ ಆಫೀಸಿನಲ್ಲಿ ಕೇಳಿ" ಎನ್ನುತ್ತಿದ್ದೆ!

ಈಗ ನಮ್ಮ ಚಾವಿವಾಲನ ಕಥೆಗೆ ಬರುತ್ತೇನೆ. ನಗರದ ನೀರಿನ ವಾಲ್ವುಗಳನ್ನು ಹೊತ್ತುಹೊತ್ತಿಗೆ ತೆರೆದು ಮುಚ್ಚುವವರಿಗೆ ಇಲ್ಲಿ ಚಾವಿವಾಲ ಎನ್ನುತ್ತಾರೆ. ಈತ ವಿಜಯಪುರ ಜಿಲ್ಲೆಯ ಕಡೆಯವರು. ಬೆಳಗ್ಗೆ ನಾಲ್ಕಕ್ಕೆ ಎದ್ದು ನಮ್ಮ ನಲ್ಲಿಗೆ ನೀರು ಬಿಡುವವರು. ಒಂದು ದಿನ ನನ್ನ ಕೌಂಟರಿಗೆ ಬಂದು, "ಸಾಹೇಬ್ರ, ಮಗಳ ಮದುವಿ ಐತಿ. ಪಿ.ಎಫ್. ದಾಗಿಂದ ರೊಕ್ಕ ಕೇಳಿದ್ರ ನಿನ್ನ ಖಾತೆನ ನಡೆದಿಲ್ಲ ಅಂತಾರ್ರಿ. ಸಾಲ ಕೊಡ್ರಿ" ಎಂದರು. ಪಗಾರದ ಚೀಟಿ ನೋಡಿದೆ. ಪಿ.ಎಫ್. ಕಡಿತದ ಜಾಗದಲ್ಲಿ ಎನ್‌ಪಿಎಸ್ ಎಂದಿತ್ತು. ಬಿ.ಕಾಂ. ಓದಿದ ನನಗೆ ಅಲ್ಲಿ ಅನುಮಾನ ಬರಬೇಕಿತ್ತು. ಬರಲಿಲ್ಲ. ಸಾಲದ ಅರ್ಜಿ ತುಂಬಿಸಿ ಕಳುಹಿಸಿದೆ. ಮದುವೆ ಬಡ್ಡಿಯ ಸಾಲದಲ್ಲೇ ಆಯಿತು.

ಮುಂದೆ ಸಂಘದ ರಾಜ್ಯೋತ್ಸವದಲ್ಲಿ ಊಟದ ಪಂಕ್ತಿಯಲ್ಲಿ ಈ ಹುಡುಗಿಯೂ ಚಾವಿವಾಲರೂ ಅಕ್ಕಪಕ್ಕ ಕುಳಿತರು. ಮಾತಿಗೆ ಮಾತು ಬಂದು, ಆಕೆ ಕೇಳಿದ್ದು ಒಂದೇ ಪ್ರಶ್ನೆ. "ನೀವು ಕೆಲಸಕ್ಕೆ ಸೇರಿದ್ದು ಯಾವಾಗ?"

"ಎರಡು ಸಾವಿರದ ಐದ್ನೇ ಇಸ್ವಿ, ಮೇ ಹನ್ನೊಂದು. ಅದನ್ಹೆಂಗ ಮರೀಲಿ ತಂಗಿ?"

ಇಲ್ಲಿ ಸ್ವಲ್ಪ ವಿವರಣೆ ಬೇಕು. ಮಹಾರಾಷ್ಟ್ರ ಸರಕಾರವು 2005ರ ನವೆಂಬರ್ 1 ಮತ್ತು ಅನಂತರ ಸೇರಿದ ನೌಕರರಿಗೆ ಹಳೆಯ ಪಿಂಚಣಿಯ ಬದಲು ವಂತಿಗೆ ಆಧಾರಿತ ಹೊಸ ಯೋಜನೆ ತಂದಿತು. ಆ ಪಾಲಿಕೆಯೂ ಅದೇ ತಾರೀಕನ್ನು ಅನುಸರಿಸಿತ್ತು. ಹಳೆಯದರಲ್ಲಿ ಕೊನೆಯ ಪಗಾರದ ಮೇಲೆ ಬದುಕಿರುವ ತನಕ ಪಿಂಚಣಿ, ಅನಂತರ ಹೆಂಡತಿಗೆ ಕುಟುಂಬ ಪಿಂಚಣಿ. ಹೊಸದರಲ್ಲಿ ಕೂಡಿದ ಹಣ ಎಷ್ಟೋ, ಅದು ಬೆಳೆದಷ್ಟು. ಮೇ ತಿಂಗಳಲ್ಲಿ ಸೇರಿದವರು ಹಳೆಯದಕ್ಕೆ ಸೇರಬೇಕು. ಹಾಗಾದರೆ ಇವರು ಹೊಸದಕ್ಕೆ ಹೋದದ್ದು ಹೇಗೆ?

ಆಕೆ ಮರುದಿನ ದಾಖಲೆ ತೆರೆದು ನೋಡಿದಳು. ಸೇರಿದ ದಿನ 2005ರ ನವೆಂಬರ್ 5 ಎಂದಿತ್ತು. ನಾವು 11/05/2005 ಎಂದರೆ ಮೇ ಹನ್ನೊಂದು. ತಿಂಗಳನ್ನು ಮೊದಲು ಬರೆಯುವ ಅಮೆರಿಕದ ಪದ್ಧತಿಯಲ್ಲಿ ಅದೇ ನವೆಂಬರ್ ಐದು. ಹಳೆಯ ಪಟ್ಟಿಯನ್ನು ಹೊಸ ತಂತ್ರಾಂಶಕ್ಕೆ ಸಾಗಿಸುವಾಗ ಕಂಪ್ಯೂಟರ್ ಅಮೆರಿಕದವರ ಹಾಗೆ ಓದಿಕೊಂಡಿತ್ತು. 25/05 ಎಂದಿದ್ದರೆ ಇಪ್ಪತ್ತೈದನೇ ತಿಂಗಳು ಇಲ್ಲವಾದ್ದರಿಂದ ತಪ್ಪು ಆಗಲೇ ಸಿಕ್ಕಿಬೀಳುತ್ತಿತ್ತು. ಹನ್ನೆರಡರ ಒಳಗಿನ ತಾರೀಕುಗಳು ಮಾತ್ರ ಸದ್ದಿಲ್ಲದೆ ತಿರುಗಿ ಬಿದ್ದಿದ್ದವು. ಎನ್‌ಪಿಎಸ್ ಫಾರಮ್ಮಿಗೆ ಸಹಿ ಹೇಗೆ ಹಾಕಿದಿರಿ ಎಂದು ಕೇಳಿದರೆ ಚಾವಿವಾಲರು, "ಹಾಕು ಅಂದ್ರು, ಹಾಕಿದ್ನ್ರಿ" ಎಂದರು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅನಂತರದ ಸಂಗತಿ. ಆ ತಾರೀಕನ್ನು ತಾನೇ ತಿದ್ದುವಷ್ಟು ಅಧಿಕಾರ ಆಕೆಯ ಕಂಪ್ಯೂಟರಿನಲ್ಲಿತ್ತು. "ಎರಡು ನಿಮಿಷದ ಕೆಲಸ, ಮಾಡಿಬಿಡಬಾರದೇ?" ಎಂದು ನಾನೇ ಕೇಳಿದೆ.

"ಇಲ್ಲ ಅಂಕಲ್. ಇವತ್ತು ಒಳ್ಳೆಯದಕ್ಕೆ ನಾನು ತಿದ್ದಿದರೆ, ನಾಳೆ ನಿವೃತ್ತಿ ಮುಂದೂಡಲು ಜನ್ಮ ತಾರೀಕು ತಿದ್ದು ಅಂತ ಇನ್ನೊಬ್ಬರು ಬರುತ್ತಾರೆ. ನಿಮ್ಮ ಬ್ಯಾಂಕಿನಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಪಾಸು ಮಾಡುವುದಿಲ್ಲವಾ?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಕೆ ಚಾವಿವಾಲರಿಂದ ಅರ್ಜಿ ಬರೆಸಿದಳು. ಕಪಾಟಿನಿಂದ ಸೇವಾ ಪುಸ್ತಕ ತೆಗೆಸಿ, ನೇಮಕದ ಆದೇಶದ ಪ್ರತಿ ಜೋಡಿಸಿ, ಮೇಲಧಿಕಾರಿಯ ಸಹಿಗೆ ಕಳುಹಿಸಿದಳು. ಹಾಗೆಯೇ ದಿನ ಹನ್ನೆರಡರ ಒಳಗಿರುವ ಎಲ್ಲ ನೌಕರರ ಪಟ್ಟಿ ತೆಗೆದು ಸೇವಾ ಪುಸ್ತಕದೊಂದಿಗೆ ತಾಳೆ ನೋಡಬೇಕೆಂದು ಬರೆದುಕೊಟ್ಟಳು. ಇಂಥದೇ ತಪ್ಪು ಇನ್ನೂ ಕೆಲವರದ್ದು ಹೊರಬಿತ್ತು. ಅವರಲ್ಲಿ ಯಾರೂ ದೂರು ಕೊಟ್ಟವರಲ್ಲ. ತಮಗೆ ಅನ್ಯಾಯವಾಗಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಆದೇಶ ಬರಲು ಏಳು ತಿಂಗಳು ಹಿಡಿಯಿತು. ಚಾವಿವಾಲರ ಪಿ.ಎಫ್. ಖಾತೆ ಮತ್ತೆ ಆರಂಭವಾಗಿದೆ. ಈ ನಡುವೆ ಕಡಿತವಾದ ಹಣ ಇತ್ತ ಬರುವ ಕಡತ ಇನ್ನೂ ನಡೆಯುತ್ತಿದೆ. ಮದುವೆಯ ಸಾಲದ ಕಂತು ನಮ್ಮ ಬ್ಯಾಂಕಿಗೆ ತಪ್ಪದೆ ಬರುತ್ತಿದೆ. ಅದನ್ನು ಕಂಡಾಗಲೆಲ್ಲ ನನಗೆ ಮುಜುಗರ.

ಓದುಗ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ನೌಕರಿಯಲ್ಲಿರುವವರು ವರ್ಷಕ್ಕೊಮ್ಮೆಯಾದರೂ ಕಚೇರಿಯಲ್ಲಿ ಸೇವಾ ಪುಸ್ತಕ ಕೇಳಿ ನೋಡಿ. ಜನ್ಮ ದಿನ, ಸೇರಿದ ದಿನ, ನಾಮಿನಿಯ ಹೆಸರು, ಬ್ಯಾಂಕಿನ ಕೋಡ್ ಇವನ್ನು ಕಂಪ್ಯೂಟರಿನ ದಾಖಲೆಯೊಂದಿಗೆ ಹೋಲಿಸಿ. ಹೆಸರಿನ ಬಗ್ಗೆ ನಮ್ಮವರು ವಿಶೇಷ ಗಮನ ಕೊಡಬೇಕು. ಇಲ್ಲಿಯ ಫಾರಮ್ಮುಗಳಲ್ಲಿ ತನ್ನ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂದು ಮೂರು ಮನೆ. ಊರಿನ ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಮಾತ್ರ. ಆಧಾರಿನಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಇದ್ದರೆ ನಾಳೆ ಕಷ್ಟ ಪಡುವವಳು ನಿಮ್ಮ ಹೆಂಡತಿ. ನಿವೃತ್ತರು ಜೀವನ ಪ್ರಮಾಣಪತ್ರ ಸಲ್ಲಿಸುವಾಗ ಬೆರಳಚ್ಚು ಹಿಡಿಯದಿದ್ದರೆ ಗಾಬರಿಯಾಗಬೇಡಿ. 2021ರ ನವೆಂಬರಿನಿಂದ ಮುಖ ತೋರಿಸಿಯೂ ಸಲ್ಲಿಸುವ ವ್ಯವಸ್ಥೆ ಬಂದಿದೆ. ಓದದೆ ಎಲ್ಲಿಯೂ ಸಹಿ ಹಾಕಬೇಡಿ. ಓಟಿಪಿ ಯಾರಿಗೂ ಹೇಳಬೇಡಿ.

ನಮ್ಮ ಸಂಘಗಳು ನಾಟಕ, ಯಕ್ಷಗಾನ, ಸನ್ಮಾನಗಳನ್ನು ಚೆನ್ನಾಗಿಯೇ ನಡೆಸುತ್ತಿವೆ. ಅದರ ಜತೆಗೆ ತಿಂಗಳಿಗೊಂದು ಭಾನುವಾರ ಎರಡು ತಾಸು, ಪಗಾರದ ಚೀಟಿ ಓದಿ ಹೇಳುವ ಒಂದು ಮೇಜು ಹಾಕಿದರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು. ಆ ಹುಡುಗಿ ಬರಲು ಒಪ್ಪಿದ್ದಾಳೆ. ಅವಳ ಪಕ್ಕದ ಕುರ್ಚಿಯಲ್ಲಿ ನಾನು ಕೂರುತ್ತೇನೆ. "ನಿಮ್ಮ ಆಫೀಸಿನಲ್ಲಿ ಕೇಳಿ" ಎನ್ನುವ ಮೊದಲು ಚೀಟಿಯನ್ನು ಪೂರ್ತಿ ಓದುತ್ತೇನೆ.