ಬೆರಳಿಗೆ ಒಲಿದ ಮಹಾವಾದ್ಯ

ಭಜನಾ ಮಂದಿರಗಳಲ್ಲಿ ಹಾರ್ಮೋನಿಯಂ ನುಡಿಸುವುದನ್ನು ಕಾಣದವರು ನಮ್ಮಲ್ಲಿ ವಿರಳ. ಎಡಗೈ ತಿದಿಯನ್ನು ಒತ್ತುತ್ತಿರಬೇಕು, ಬಲಗೈ ಕೀಲಿಗಳ ಮೇಲೆ ಓಡಾಡುತ್ತಿರಬೇಕು. ಎದುರಿನ ಗುಂಡಿಗಳನ್ನು ಎಳೆದರೆ ನಾದದ ಬಣ್ಣವೇ ಬದಲಾಗುತ್ತದೆ. ಯುರೋಪಿನ ಇಗರ್ಜಿಗಳಲ್ಲಿ ಮೊಳಗುವ ಪೈಪ್ ಆರ್ಗನ್ ಈ ಪುಟ್ಟ ಪೆಟ್ಟಿಗೆಗೆ ದೊಡ್ಡಪ್ಪನಿದ್ದಂತೆ. ಗಾಳಿ, ಕೀಲಿ, ಗುಂಡಿ ಈ ಮೂರೂ ಅದರಲ್ಲಿವೆ. ಆದರೆ ಸ್ವರ ಹೊರಡುವುದು ಸಾಲುಗಟ್ಟಿ ನಿಂತ ಲೋಹದ ಮತ್ತು ಮರದ ಕೊಳವೆಗಳಿಂದ. ಸಂಗೀತಗಾರ ಮೊಜಾರ್ಟ್ 1777ರಲ್ಲಿ ತಂದೆಗೆ ಬರೆದ ಪತ್ರವೊಂದರಲ್ಲಿ ಇದನ್ನು ವಾದ್ಯಗಳ ರಾಜನೆಂದು ಕರೆದಿದ್ದಾನೆ.

ಇಂತಹ ರಾಜನನ್ನು ಈಗ ಗಣಕಯಂತ್ರದ ನೆರವಿನಿಂದ ಮನೆಯ ಕೋಣೆಯಲ್ಲೇ ನುಡಿಸಬಹುದಾಗಿದೆ. ಅದಕ್ಕೆಂದೇ ತಂತ್ರಾಂಶಗಳು ಬಂದು ಎರಡು ದಶಕಗಳು ಸಂದಿವೆ. ಅವುಗಳ ನಾದಗುಣವನ್ನು ಹೊಗಳಿದವರು ಹಲವರು. ನಾವಿಲ್ಲಿ ಹೇಳಹೊರಟಿರುವುದು ಬೇರೆಯೇ ಒಂದು ಸಂಗತಿ. ತಜ್ಞರ ಕೈಯಲ್ಲಷ್ಟೇ ಇದ್ದ ಈ ಸಾಧನ ಸಾಮಾನ್ಯ ವಾದಕನ ಕೈಗೂ ಬಂದುದು, ಅದನ್ನು ಬಳಸುವ ಕೆಲಸ ಹಂತಹಂತವಾಗಿ ಸುಲಭವಾದುದರಿಂದ. ಆ ಸುಲಭತೆಯ ಬೆಲೆಯೇನು ಎಂಬುದೇ ನಮ್ಮ ವಿಷಯ.

ತಿದಿ ತುಳಿಯುವ ಆಳುಗಳಿದ್ದ ಕಾಲ

ಪ್ಯಾರಿಸಿನ ನೋತ್ರ್ ದಾಮ್ ಇಗರ್ಜಿಯ ಆರ್ಗನ್ನಿನಲ್ಲಿ ಸುಮಾರು 8,000 ಕೊಳವೆಗಳಿವೆ. ಕೈಗಳಿಗೆ ಒಂದರ ಮೇಲೊಂದರಂತೆ ಐದು ಕೀಲಿಮಣೆ, ಪಾದಗಳಿಗೆ ಮತ್ತೊಂದು. ಇಂತಹ ದೊಡ್ಡ ವಾದ್ಯಗಳ ಅತಿ ಮಂದ್ರದ ಕೊಳವೆ 32 ಅಡಿ ಉದ್ದವಿರುತ್ತದೆ. ಅದರ ನಾದ ಕಿವಿಗೆ ಕೇಳಿಸುವುದಕ್ಕಿಂತ ಎದೆಗೆ ತಾಗುವುದೇ ಹೆಚ್ಚು.

ವಿದ್ಯುತ್ತು ಬರುವ ಮುನ್ನ ಇಷ್ಟೂ ಕೊಳವೆಗಳಿಗೆ ಗಾಳಿ ಒದಗಿಸಲು ಆಳುಗಳು ತಿದಿಗಳನ್ನು ತುಳಿಯಬೇಕಿತ್ತು ಇಲ್ಲವೇ ಒತ್ತಬೇಕಿತ್ತು. ಅವರು ಬಾರದಿದ್ದರೆ ಎಂತಹ ವಿದ್ವಾಂಸನಿಗೂ ಅಭ್ಯಾಸ ನಡೆಯದು. ಇನ್ನೊಂದು ತೊಡಕು ಕೀಲಿಗಳ ಬಿಗಿ. ಎರಡು ಮೂರು ಕೀಲಿಮಣೆಗಳನ್ನು ಒಟ್ಟಿಗೆ ಜೋಡಿಸಿದರೆ ಒಂದು ಬೆರಳು ಹಲವು ಕವಾಟಗಳ ಭಾರವನ್ನು ಹೊರಬೇಕಾಗುತ್ತಿತ್ತು. ಚಾರ್ಲ್ಸ್ ಬಾರ್ಕರ್ ಎಂಬವರು ರೂಪಿಸಿದ ಸನ್ನೆಯು ಗಾಳಿಯ ಒತ್ತಡದಿಂದಲೇ ಆ ಭಾರವನ್ನು ಇಳಿಸಿತು. ಅರಿಸ್ತೀದ್ ಕವಾಯೆ-ಕೋಲ್ ಎಂಬ ಫ್ರೆಂಚ್ ಆರ್ಗನ್ ಶಿಲ್ಪಿ 1841ರಲ್ಲಿ ಸಾಂ ದೆನಿ ಇಗರ್ಜಿಯ ವಾದ್ಯದಲ್ಲಿ ಅದನ್ನು ಅಳವಡಿಸಿದರು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಹೆನ್ರಿ ವಿಲಿಸ್ ಅವರು ಕೀಲಿಮಣೆಯ ಕೆಳಗೆ ಹೆಬ್ಬೆರಳಿಗೆ ಸಿಗುವಂತಹ ಒತ್ತುಗುಂಡಿಗಳನ್ನು ತೋರಿಸಿದರು. ಒಂದನ್ನು ಒತ್ತಿದರೆ ಹಲವು ಸ್ವರಗುಂಡಿಗಳು ಒಮ್ಮೆಗೇ ಹೊರಬರುವ ಏರ್ಪಾಡು ಅದು. ಆಮೇಲೆ ಬಂದ ವಿದ್ಯುತ್ ಪಂಖವು ತಿದಿಯಾಳುಗಳ ಕೆಲಸವನ್ನು ತಾನೇ ವಹಿಸಿಕೊಂಡಿತು.

ಇವೆಲ್ಲ ನಾದವನ್ನು ಹೆಚ್ಚಿಸಲು ಬಂದ ಉಪಾಯಗಳಲ್ಲ, ನುಡಿಸುವವನ ಶ್ರಮವನ್ನು ಇಳಿಸಲು ಬಂದವು. ಶ್ರಮ ಇಳಿದ ಮೇಲೆಯೇ ಫ್ರಾನ್ಸಿನಲ್ಲಿ ಸಿಂಫನಿಯ ವಿಸ್ತಾರವುಳ್ಳ ಆರ್ಗನ್ ಕೃತಿಗಳು ಹುಟ್ಟಿದುವು ಎಂಬುದನ್ನು ಮರೆಯಲಾಗದು.

ನಾದದ ಕಣಜ

ಗಣಕಯಂತ್ರದ ಆರ್ಗನ್ ಎಂದರೆ ಯಂತ್ರವೇ ಹುಟ್ಟಿಸಿದ ಕೃತಕ ಧ್ವನಿಯೆಂದು ಭಾವಿಸಬಾರದು. ನಿಜವಾದ ಇಗರ್ಜಿಯೊಂದಕ್ಕೆ ಹೋಗಿ, ರಸ್ತೆಯ ಸದ್ದು ಅಡಗಿದ ಹೊತ್ತನ್ನು ಕಾದು, ಅಲ್ಲಿನ ಒಂದೊಂದು ಕೊಳವೆಯನ್ನೂ ಬೇರೆಬೇರೆಯಾಗಿ ನುಡಿಸಿ ಧ್ವನಿಮುದ್ರಿಸುತ್ತಾರೆ. ಸ್ವರ ಹುಟ್ಟುವ ಕ್ಷಣ, ಅದು ನಿಲ್ಲುವ ಬಗೆ, ಕೀಲಿ ಬಿಟ್ಟ ಮೇಲೆ ಕಲ್ಲಿನ ಕಮಾನುಗಳಲ್ಲಿ ಅನುರಣಿಸಿ ಅಡಗುವ ಪರಿ, ಎಲ್ಲವೂ ದಾಖಲಾಗುತ್ತವೆ. ಮನೆಯಲ್ಲಿ ಕೀಲಿಯನ್ನು ಒತ್ತಿದಾಗ ಕೇಳಿಸುವುದು ಆ ಕೊಳವೆಯ, ಆ ಕಟ್ಟಡದ ದನಿಯೇ. ಯಾವ ಕೀಲಿ ಒತ್ತಲ್ಪಟ್ಟಿತೆಂಬ ಸುದ್ದಿಯನ್ನು ಗಣಕಯಂತ್ರಕ್ಕೆ ಮುಟ್ಟಿಸುವುದು 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಸಂಕೇತ ವ್ಯವಸ್ಥೆ.

ಈ ಕ್ಷೇತ್ರದ ಹೆಸರಾಂತ ತಂತ್ರಾಂಶವಾದ ಹೌಪ್ಟ್‌ವೆರ್ಕ್ ಅನ್ನು ಮಾರ್ಟಿನ್ ಡೈಡ್ ಎಂಬವರು 2002ರಲ್ಲಿ ಹೊರತಂದರು. ಆರ್ಗನ್ನಿನ ಮುಖ್ಯ ವಿಭಾಗಕ್ಕೆ ಜರ್ಮನ್ ಭಾಷೆಯಲ್ಲಿರುವ ಹೆಸರೇ ಇದು. 2008ರಲ್ಲಿ ಇದು ಅಮೆರಿಕದ ಮಿಲಾನ್ ಡಿಜಿಟಲ್ ಆಡಿಯೊ ಸಂಸ್ಥೆಯ ಒಡೆತನಕ್ಕೆ ಬಂತು. ಇಂಗ್ಲೆಂಡಿನ ಸಾಲಿಸ್ಬರಿ ಇಗರ್ಜಿಗೆ ವಿಲಿಸ್ 1877ರಲ್ಲಿ ಕಟ್ಟಿಕೊಟ್ಟ ಆರ್ಗನ್ನನ್ನು ಈ ಸಂಸ್ಥೆ ಧ್ವನಿಮುದ್ರಿಸಿದೆ. ಫ್ರಾನ್ಸಿನ ಕಾಂ ಪಟ್ಟಣದಲ್ಲಿರುವ, ಕವಾಯೆ-ಕೋಲ್ 1885ರಲ್ಲಿ ಮುಗಿಸಿದ ವಾದ್ಯವು ಪ್ರಾಗ್ ನಗರದ ಸೋನುಸ್ ಪಾರಾದೀಸಿಯವರ ಶ್ರಮದಿಂದ ಮನೆಮನೆಗೆ ತಲಪಿದೆ. ಹೌಪ್ಟ್‌ವೆರ್ಕ್ ಹಣ ತೆತ್ತು ಪಡೆಯುವಂಥದು. ಗ್ರ್ಯಾಂಡ್‌ಆರ್ಗ್ ಎಂಬ ಇನ್ನೊಂದು ತಂತ್ರಾಂಶ ಉಚಿತ ಮಾತ್ರವಲ್ಲ, ಅದರ ಮೂಲಬರಹವೂ ಮುಕ್ತ. ಬಲ್ಲವರು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು.

ಕೈಗೆ ಬಂದ ಅನುಕೂಲಗಳು

ನಾದವೇನೋ ಬಂತು. ಆದರೆ ಅದನ್ನು ನುಡಿಸಲು ಕುಳಿತವನಿಗೆ ಮೊದಮೊದಲು ಸಂಗೀತಕ್ಕಿಂತ ಗಣಕವಿದ್ಯೆಯೇ ಹೆಚ್ಚು ಬೇಕಾಗುತ್ತಿತ್ತು. ಯಾವ ಕೀಲಿಮಣೆ ಯಾವ ವಿಭಾಗಕ್ಕೆ, ಅದರ ಸಂಕೇತಸಂಖ್ಯೆ ಯಾವುದು ಎಂಬುದನ್ನೆಲ್ಲ ಕೋಷ್ಟಕಗಳಲ್ಲಿ ತುಂಬಿಸುವುದೆಂದರೆ ಅರುವತ್ತು ದಾಟಿದ ಇಗರ್ಜಿ ವಾದಕರಿಗೆ ತಲೆನೋವಿನ ಕೆಲಸ. ಈಗ ಹೌಪ್ಟ್‌ವೆರ್ಕ್‌ನಲ್ಲೂ ಗ್ರ್ಯಾಂಡ್‌ಆರ್ಗ್‌ನಲ್ಲೂ ಪರದೆಯ ಮೇಲಿನ ಕೀಲಿಮಣೆಯನ್ನೋ ಗುಂಡಿಯನ್ನೋ ಆರಿಸಿ, ಪತ್ತೆಹಚ್ಚು ಎಂದು ಆಜ್ಞೆ ಕೊಟ್ಟು, ಎದುರಿಗಿರುವ ನಿಜವಾದ ಕೀಲಿಯನ್ನು ಒತ್ತಿದರೆ ಸಾಕು; ಸಂಬಂಧವನ್ನು ತಂತ್ರಾಂಶವೇ ಗುರುತಿಸಿ ನೆನಪಿಟ್ಟುಕೊಳ್ಳುತ್ತದೆ.

ಸ್ವರಗುಂಡಿಗಳ ಪ್ರಶ್ನೆಯೂ ಹೀಗೆಯೇ. ದೊಡ್ಡ ಆರ್ಗನ್ನಿಗೆ ನೂರಕ್ಕೂ ಮಿಕ್ಕಿ ಗುಂಡಿಗಳಿರಬಹುದು. ಅಷ್ಟನ್ನೂ ಮರದಲ್ಲಿ ಮಾಡಿಸುವ ಶಕ್ತಿ ಎಷ್ಟು ಮಂದಿಗಿದೆ? ಮುಟ್ಟಿದರೆ ಸ್ಪಂದಿಸುವ ಪರದೆಗಳು ಬಂದ ಮೇಲೆ, ವಾದಕನ ಎಡಬಲಗಳಲ್ಲಿ ಒಂದೊಂದು ಪರದೆಯನ್ನು ನಿಲ್ಲಿಸಿ, ಹಳೆಯ ವಾದ್ಯದ ಗುಂಡಿಫಲಕಗಳನ್ನೇ ಅವುಗಳ ಮೇಲೆ ಮೂಡಿಸಬಹುದಾಯಿತು. 2011ರ ಹೌಪ್ಟ್‌ವೆರ್ಕ್ ಆವೃತ್ತಿಯಿಂದ ಪದೇಪದೇ ಬೇಕಾಗುವ ನಿಯಂತ್ರಣಗಳನ್ನಷ್ಟೇ ಚಿಕ್ಕ ಫಲಕಗಳಲ್ಲಿ ಹೊರಗಿರಿಸಿಕೊಳ್ಳುವ ಸೌಕರ್ಯವೂ ಸಿಕ್ಕಿತು.

ವಿಲಿಸರ ಒತ್ತುಗುಂಡಿ ಇಲ್ಲಿ ಇನ್ನಷ್ಟು ಬೆಳೆದಿದೆ. ಗ್ರ್ಯಾಂಡ್‌ಆರ್ಗ್‌ನಲ್ಲಿ 000ದಿಂದ 999ರವರೆಗೆ, ಎಂದರೆ ಸಾವಿರ ಸ್ವರಸಂಯೋಜನೆಗಳನ್ನು ಮುಂಚಿತವಾಗಿ ಜೋಡಿಸಿಟ್ಟು, ನುಡಿಸುವಾಗ ಒಂದೇ ಗುಂಡಿಯಿಂದ ಮುಂದಿನದಕ್ಕೆ ಸಾಗಬಹುದು. ಕೈ ನಡುಗುವ ಹಿರಿಯರಿಗೂ ಒಂದು ಕೈಯ ಬಲ ಕುಂದಿದವರಿಗೂ ಇದು ಎಂತಹ ಆಸರೆಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಾಡುವವರ ಕಂಠಕ್ಕೆ ತಕ್ಕಂತೆ ಶ್ರುತಿಯನ್ನು ಏರಿಳಿಸುವುದು, ಬಾಖನ ಕಾಲದ ಸ್ವರಾಂತರ ಕ್ರಮವನ್ನು ಒಂದು ಆಯ್ಕೆಯಿಂದ ತರಿಸುವುದು, ತಾನು ನುಡಿಸಿದ್ದನ್ನು ಅಲ್ಲೇ ಮುದ್ರಿಸಿ ಮರಳಿ ಆಲಿಸುವುದು ಇವೂ ಇವೆ. ಸ್ವರದ ಮುದ್ರಿಕೆಗಳು ಗಣಕದ ನೆನಪಿನಲ್ಲಿ ಹತ್ತಾರು ಗಿಗಾಬೈಟುಗಳಷ್ಟು ಜಾಗವನ್ನು ಬೇಡುವುದರಿಂದ ವಾದ್ಯ ತೆರೆದುಕೊಳ್ಳಲು ಬಹಳ ಹೊತ್ತು ಹಿಡಿಯುವುದಿತ್ತು. ಒಮ್ಮೆ ಸಿದ್ಧಪಡಿಸಿದ್ದನ್ನು ಕೂಡಿಟ್ಟುಕೊಂಡು ಮರುಸಲ ಬೇಗನೆ ತೆರೆಯುವ ವ್ಯವಸ್ಥೆ ಆ ಕಾಯುವಿಕೆಯನ್ನು ತಗ್ಗಿಸಿದೆ.

ಗಡಿನಾಡಿನ ನಮ್ಮ ಕಿವಿ ನೆಟ್ಟಗಾಗಬೇಕಾದ ಇನ್ನೊಂದು ಸಂಗತಿಯಿದೆ. ಗ್ರ್ಯಾಂಡ್‌ಆರ್ಗ್‌ನ ಆಜ್ಞೆಗಳನ್ನು ಜರ್ಮನ್, ಫ್ರೆಂಚ್, ಡಚ್ ಮೊದಲಾದ ಭಾಷೆಗಳಿಗೆ ಸ್ವಯಂಸೇವಕರು ಅನುವಾದಿಸಿದ್ದಾರೆ. ಹಳ್ಳಿಯ ಇಗರ್ಜಿಯ ವಾದಕ ಇಂಗ್ಲಿಷಿಗೆ ತಡವರಿಸದೆ ತನ್ನ ನುಡಿಯಲ್ಲೇ ವಾದ್ಯವನ್ನು ಸಜ್ಜುಗೊಳಿಸಬಹುದು. ಮೂಲಬರಹ ಮುಕ್ತವಾದುದರಿಂದ ಯಾವ ಭಾಷೆಯವರೂ ಯಾರ ಅಪ್ಪಣೆಗೂ ಕಾಯದೆ ಈ ಕೆಲಸಕ್ಕೆ ಕೈಹಾಕಬಹುದು.

ಸುಲಭವಾದರೆ ಹಗುರಾಯಿತೇ?

2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ದೆಸೆಯಿಂದ ಇಂಗ್ಲೆಂಡಿನ ಇಗರ್ಜಿಗಳ ಬಾಗಿಲು ಮುಚ್ಚಿದಾಗ ಆರ್ಗನ್ ವಾದಕರ ಪಾಡು ವಿಚಿತ್ರವಾಯಿತು. ಪಿಟೀಲಿನವನು ಮನೆಯಲ್ಲಿ ಸಾಧನೆ ಮಾಡಬಲ್ಲ, ಆರ್ಗನ್ನಿನವನ ವಾದ್ಯವಾದರೋ ಬೀಗ ಹಾಕಿದ ಕಟ್ಟಡದೊಳಗಿದೆ. ಮನೆಯಲ್ಲಿ ಇಂತಹ ಏರ್ಪಾಡಿದ್ದವರ ಅಭ್ಯಾಸ ತಪ್ಪಲಿಲ್ಲ. ಚಳಿಗಾಲದಲ್ಲಿ ಕೊರೆಯುವ ಇಗರ್ಜಿಗೆ ಹೋಗಿ ಕಲಿಯಬೇಕಾದ ವಿದ್ಯಾರ್ಥಿಗೂ, ಕೊಳವೆ ವಾದ್ಯದ ದುರಸ್ತಿಗೆ ಹಣವಿಲ್ಲದ ಸಣ್ಣ ಸಭೆಗೂ ಇದರ ಉಪಕಾರ ದೊಡ್ಡದು.

ಆದರೆ ಅಳುಕೂ ಇಲ್ಲದಿಲ್ಲ. ಮುದ್ರಿಸಿದ ನಾದ ಇಷ್ಟು ಸುಲಭವಾಗಿ ಸಿಗುವುದಾದರೆ ನಿಜವಾದ ಕೊಳವೆಗಳನ್ನು ಕಾಪಾಡುವವರು ಯಾರು? ಜರ್ಮನಿಯಲ್ಲಿ ಸುಮಾರು 50,000 ಆರ್ಗನ್‌ಗಳೂ ಅವನ್ನು ಕಟ್ಟುವ, ರಿಪೇರಿ ಮಾಡುವ ಸುಮಾರು 400 ಕಮ್ಮಟಗಳೂ ಇವೆ. ಆ ಕುಶಲಕಲೆಯನ್ನು ಯುನೆಸ್ಕೊ 2017ರಲ್ಲಿ ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. 2019ರ ಎಪ್ರಿಲ್ 15ರಂದು ನೋತ್ರ್ ದಾಮ್‌ಗೆ ಬೆಂಕಿ ಬಿದ್ದಾಗ ಅಲ್ಲಿನ ಆರ್ಗನ್ ಸುಡದೆ ಉಳಿದರೂ ಸೀಸದ ಧೂಳು ಅದನ್ನು ಮುಸುಕಿತ್ತು. ಕೊಳವೆಗಳನ್ನು ಬಿಚ್ಚಿ, ತೊಳೆದು, ಮರಳಿ ಶ್ರುತಿಗೂಡಿಸಿ 2024ರ ಡಿಸೆಂಬರಿನಲ್ಲಿ ಅದು ಮತ್ತೆ ದನಿಯೆತ್ತಿದ್ದು ಅಂತಹ ಕುಶಲಿಗಳ ಕೈಗಳಿಂದ. ಆ ಕೈಗಳ ಕೆಲಸವನ್ನು ಯಾವ ಧ್ವನಿಮುದ್ರಿಕೆಯೂ ಮಾಡಲಾರದು.

ಹಾಗೆಂದು ಸುಲಭತೆಯನ್ನು ಹಳಿಯುವುದು ಸರಿಯಲ್ಲವೆಂದೇ ನಾವು ಭಾವಿಸುತ್ತೇವೆ. ಮನೆಯಲ್ಲಿ ನುಡಿಸುವವರು ಹೆಚ್ಚಿದರೆ ಇಗರ್ಜಿಯ ಪೀಠದಲ್ಲಿ ಕುಳಿತುಕೊಳ್ಳಬಲ್ಲವರೂ ಹೆಚ್ಚಿಯಾರು. ನುಡಿಸುವವರಿಲ್ಲದ ವಾದ್ಯಕ್ಕೆ ಎಷ್ಟು ಹಣ ಸುರಿದರೂ ಅದು ನೋಟದ ವಸ್ತುವಾಗಿಯೇ ಉಳಿಯುತ್ತದೆ.

ನಮ್ಮ ಅನುಭವವೂ ಇದಕ್ಕೆ ಹೊರತಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ರೂಪಿಸಿದ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯಿಂದಾಗಿ, ತಂಬೂರಿ ಮೀಟುವವರು ಜತೆಗಿಲ್ಲದೆಯೂ ಒಬ್ಬರೇ ಕುಳಿತು ಸಾಧನೆ ಮಾಡುವಂತಾಯಿತು. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕನ್ನಡಕ್ಕೆ ಸರಳವಾದ ಕೀಲಿಮಣೆ ವಿನ್ಯಾಸವನ್ನು ಕೊಟ್ಟದ್ದರಿಂದ ಗಣಕಯಂತ್ರದಲ್ಲಿ ನಮ್ಮ ನುಡಿಯನ್ನು ಬರೆಯುವ ಕೆಲಸ ಪರಿಣತರ ಸೊತ್ತಾಗಿ ಉಳಿಯಲಿಲ್ಲ. ಮಲೆಯಾಳದ ನಡುವೆ ಕನ್ನಡವನ್ನು ಉಳಿಸಿಕೊಂಡು ಬಂದಿರುವ ಮನೆಗಳಿಗೆ ಇದು ತಿಳಿಯದ ಮಾತೇನಲ್ಲ. ಕಪಾಟಿನಲ್ಲಿ ಪುಸ್ತಕ ಜೋಪಾನವಾಗಿದೆಯೆಂಬುದು ಒಳ್ಳೆಯದೇ. ಮಕ್ಕಳ ಕೈಗೆ ಅದು ಎಟಕುವಂತಿದೆಯೇ ಎಂಬುದನ್ನೂ ನಾವು ಕೇಳಿಕೊಳ್ಳಬೇಕು.