ಮಾದರಿ ವಿಮಾನದ ರೆಕ್ಕೆ: ಕಟ್ಟುವ ಬಗೆ, ಮುರಿದರೆ ಕೂಡಿಸುವ ಬಗೆ



ವೈದ್ಯನನ್ನು ಉಪನ್ಯಾಸಕ್ಕೆ ಕರೆದಿದ್ದೇವೆ, ಸಕ್ಕರೆ ಕಾಯಿಲೆಯ ಬಗ್ಗೆಯೋ ರಕ್ತದೊತ್ತಡದ ಬಗ್ಗೆಯೋ ನಾಲ್ಕು ಮಾತು ಹೇಳಿಯಾನು ಎಂದು ತಾವು ನಿರೀಕ್ಷಿಸಿದ್ದರೆ ಮನ್ನಿಸಬೇಕು. ಇಂದಿನ ವಿಷಯ ರೇಡಿಯೊ ನಿಯಂತ್ರಿತ ಮಾದರಿ ವಿಮಾನದ ರೆಕ್ಕೆ. ದುಬೈ, ಅಬುಧಾಬಿಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಕೆಲವರಿಗೆ ಈ ಹವ್ಯಾಸ ಅಂಟಿಕೊಂಡಿದೆ. ರೆಕ್ಕೆ ಮುರಿದರೆ ಒಂದಿಷ್ಟು ಅಂಟು ಬಳಿದು ಮತ್ತೆ ಹಾರಿಸಿಬಿಡುವ ಉತ್ಸಾಹವೂ ಅವರಲ್ಲಿದೆ. ಆದರೆ ಎರಡು ಕಿಲೊ ತೂಕದ ವಸ್ತುವೊಂದು ಗಂಟೆಗೆ 60 ಕಿಲೊಮೀಟರ್ ವೇಗದಲ್ಲಿ ಹೋಗುತ್ತಿರುವಾಗ ರೆಕ್ಕೆ ಕಳಚಿಕೊಂಡರೆ ಅದನ್ನು ಆಟಿಕೆ ಎನ್ನಲಾಗದು. ಕೆಳಗೆ ನಿಂತು ನೋಡುತ್ತಿರುವವರೂ ನಮ್ಮ ಮಕ್ಕಳೇ.

ಈ ನಾಡಿಗೆ ವಿಮಾನವು ಬಟ್ಟೆ ಹೊದಿಸಿದ ರೆಕ್ಕೆಗಳ ಮೇಲೆಯೇ ಬಂದದ್ದು. ಶಾರ್ಜಾದಲ್ಲಿ 1932ರಲ್ಲಿ ಇಂಪೀರಿಯಲ್ ಏರ್‌ವೇಸ್ ಸಂಸ್ಥೆಗಾಗಿ ನಿರ್ಮಿಸಿದ ನಿಲ್ದಾಣ ಇಂದು ಅಲ್ ಮಹತ್ತಾ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಇಳಿಯುತ್ತಿದ್ದ ಹ್ಯಾಂಡ್ಲಿ ಪೇಜ್ 42 ವಿಮಾನದ ರೆಕ್ಕೆಗೆ ಲೋಹದ ಎಲುಬು, ಬಟ್ಟೆಯ ಚರ್ಮ. ನಮ್ಮ ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯವು 1993ರಲ್ಲಿ ಹಾರಿಸಿದ ಹಂಸ ವಿಮಾನವಾದರೋ ಗಾಜಿನ ನಾರು ಮತ್ತು ರಾಳದ ಸಂಯೋಜನೆಯದು. ಮಾದರಿ ವಿಮಾನದ ಮೇಜಿನ ಮೇಲೆ ಈ ಎರಡು ಪರಂಪರೆಗಳೂ ಒಟ್ಟಿಗೆ ಕುಳಿತಿರುತ್ತವೆ.

ರೆಕ್ಕೆಯ ಅಂಗರಚನೆಯನ್ನು ಮೊದಲು ನೋಡೋಣ. ಉದ್ದಕ್ಕೆ ಸಾಗುವ ತೊಲೆಗೆ ಸ್ಪಾರ್ ಎನ್ನುತ್ತಾರೆ, ಅದೇ ಬೆನ್ನೆಲುಬು. ಅದಕ್ಕೆ ಅಡ್ಡಲಾಗಿ ರೆಕ್ಕೆಗೆ ಆಕಾರ ಕೊಡುವ ಪಕ್ಕೆಲುಬುಗಳು. ಮರ ಸಾಮಾನ್ಯವಾಗಿ ಬಾಲ್ಸಾ. ಬಹುಪಾಲು ಈಕ್ವೆಡಾರ್ ದೇಶದ್ದು, ನೀರಿನ ಆರನೆಯ ಒಂದು ಭಾಗದಷ್ಟೇ ಸಾಂದ್ರತೆ. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗಲೆಳಸುವುದರಿಂದ ಮೇಲಿನ ತೊಲೆ ಒತ್ತಡಕ್ಕೂ ಕೆಳಗಿನ ತೊಲೆ ಎಳೆತಕ್ಕೂ ಒಳಗಾಗುತ್ತವೆ. ಇವೆರಡನ್ನೂ ಕೂಡಿಸುವ ತೆಳುವಾದ ಮರದ ಹಲಗೆಯನ್ನು ಎಳೆಗಳು ನೆಟ್ಟಗೆ ಮೇಲೆ ಕೆಳಗೆ ಬರುವಂತೆ ಕೂರಿಸಬೇಕು. ಅಡ್ಡ ಎಳೆಯ ಹಲಗೆ ಕೂರಿಸುವುದು ನೋಡಲು ಅಂದವಾದರೂ ಕೆಲಸಕ್ಕೆ ಬಾರದು. ರಣಹದ್ದಿನ ರೆಕ್ಕೆಯ ಪೊಳ್ಳು ಮೂಳೆಯನ್ನು ಸೀಳಿ ನೋಡಿದವರಿಗೆ ಒಳಗೆ ಓರೆಯಾಗಿ ಹೆಣೆದ ಕಡ್ಡಿಗಳು ಕಾಣುತ್ತವೆ. ಸೇತುವೆ ಕಟ್ಟುವವರ ಲೆಕ್ಕಾಚಾರವೂ ಅದೇ.

ಬಾಗುವ ಬಲವು ಬುಡದಲ್ಲಿ ಅತಿ ಹೆಚ್ಚು, ತುದಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ವಿಮಾನ 60 ಡಿಗ್ರಿ ವಾಲಿ ಎತ್ತರ ಕಳೆದುಕೊಳ್ಳದೆ ತಿರುಗಿದರೆ ರೆಕ್ಕೆ ಹೊರುವ ಭಾರ ಇಮ್ಮಡಿಯಾಗುತ್ತದೆ. ಮುಳುಗಿ ಮೇಲೇಳುವಾಗ ಇನ್ನೂ ಹೆಚ್ಚು. ಆದಕಾರಣ ತುದಿಯ ಗಾಯಕ್ಕೆ ತೇಪೆ ಸಾಕು, ಬುಡದ ಗಾಯಕ್ಕೆ ಶಸ್ತ್ರಕ್ರಿಯೆಯೇ ಬೇಕು.

ಮುರಿದ ಸ್ಪಾರನ್ನು ತುದಿಗೆ ತುದಿ ತಾಗಿಸಿ ಅಂಟಿಸುವುದು ವ್ಯರ್ಥ. ಎರಡೂ ತುದಿಗಳನ್ನು ಓರೆಯಾಗಿ ಕೆತ್ತಿ, ಓರೆಯ ಉದ್ದ ದಪ್ಪದ ಹತ್ತು ಪಟ್ಟಾದರೂ ಇರುವಂತೆ ಜೋಡಿಸಬೇಕು. 6 ಮಿ.ಮೀ. ದಪ್ಪಕ್ಕೆ 6 ಸೆಂ.ಮೀ. ಆಗ ಅಂಟಿಗೆ ಹರವು ಸಿಗುತ್ತದೆ. ಇಕ್ಕೆಲಗಳಲ್ಲಿ ತೆಳುವಾದ ಪ್ಲೈವುಡ್ ಪಟ್ಟಿ ಕಟ್ಟುವುದೂ ಒಳ್ಳೆಯದೇ, ಆದರೆ ಪಟ್ಟಿಯ ತುದಿಗಳನ್ನು ಸಪೂರ ಮಾಡಬೇಕು. ತೊಡೆಮೂಳೆಗೆ ಉಕ್ಕಿನ ತಗಡು ಹಾಕಿದ ರೋಗಿಗೆ ಮುಂದೊಮ್ಮೆ ತಗಡು ಕೊನೆಗೊಳ್ಳುವಲ್ಲಿಯೇ ಮೂಳೆ ಮುರಿಯುವುದನ್ನು ಕಂಡ ಶಸ್ತ್ರವೈದ್ಯರಿಗೆ ಇದರ ಕಾರಣ ಹೇಳಬೇಕಾಗಿಲ್ಲ.

ಇದಕ್ಕಿಂತ ಮೋಸಕರವಾದದ್ದು ತಿರುಚು. ಮೂಳೆ ಗಟ್ಟಿಯಾಗಿ ಕೂಡಿದರೂ ತಿರುಚಿ ಕೂಡಿದರೆ ಕಾಲು ಸೊಟ್ಟಗಾಗುತ್ತದೆ. ರೆಕ್ಕೆಯೂ ಹಾಗೆಯೇ. ಒಂದು ರೆಕ್ಕೆ ಎರಡು ಡಿಗ್ರಿ ತಿರುಚಿಕೊಂಡರೆ, ನಿಧಾನವಾಗಿ ಇಳಿಯುವ ಕ್ಷಣದಲ್ಲಿ ವಿಮಾನ ಒಂದು ಕಡೆಗೆ ಮಗುಚಬಹುದು. ಅಂಟು ಗಟ್ಟಿಯಾಗುವ ತನಕ ರೆಕ್ಕೆಯನ್ನು ಸಮತಟ್ಟಾದ ಹಲಗೆಗೆ ಬಿಗಿದಿಡಬೇಕು. ಹೊದಿಕೆಯ ಹಾಳೆಯನ್ನು ಇಸ್ತ್ರಿಯಿಂದ ಕುಗ್ಗಿಸುವಾಗಲೂ ರೆಕ್ಕೆ ತಿರುಚುತ್ತದೆ; ಮೇಲೆ ಕೆಳಗೆ ಸರದಿಯಂತೆ ಕಾಯಿಸುವುದು ಮೇಲು.

ಥರ್ಮಕೋಲ್ ರೆಕ್ಕೆಯ ಕಥೆ ಬೇರೆ. ಸಾಮಾನ್ಯ ಸಯನೊಅಕ್ರಿಲೇಟ್ ಅಂಟು ಅದನ್ನು ಕರಗಿಸಿಬಿಡುತ್ತದೆ. ಎಪಾಕ್ಸಿಯನ್ನೋ ಥರ್ಮಕೋಲಿಗೆಂದೇ ತಯಾರಿಸಿದ ಅಂಟನ್ನೋ ಬಳಸಬೇಕು.

ಇನ್ನು ಇಲ್ಲಿನ ಬಿಸಿಲು. ಕೋಣೆಯ ಉಷ್ಣದಲ್ಲಿ ಗಟ್ಟಿಯಾಗುವ ಎಪಾಕ್ಸಿಗಳಲ್ಲಿ ಹಲವು 50ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗತೊಡಗುತ್ತವೆ. ಜುಲೈ ತಿಂಗಳಲ್ಲಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಶಾಖ ಸುಲಭವಾಗಿ ಏರುತ್ತದೆ. ಮನೆಯಲ್ಲಿ ಕಲ್ಲಿನಂತಿದ್ದ ಕೀಲು ಮೈದಾನ ತಲಪುವಷ್ಟರಲ್ಲಿ ಸಡಿಲವಾಗಿರುತ್ತದೆ. ನಾರು ಮತ್ತು ರಾಳದ ದೊಡ್ಡ ಗ್ಲೈಡರುಗಳಿಗೆ ಬಿಳಿ ಬಣ್ಣ ಬಳಿಯುವುದರ ಕಾರಣವೂ ಇದೇ. ಕಪ್ಪು ಹೊದಿಕೆಯ ಮೋಹ ನಮಗೆ ಬೇಡ. ಮತ್ತೊಂದು ಸಂಗತಿ: 45 ಡಿಗ್ರಿಯ ಗಾಳಿಯ ಸಾಂದ್ರತೆ 15 ಡಿಗ್ರಿಯ ಗಾಳಿಗಿಂತ ಶೇಕಡಾ 9ರಷ್ಟು ಕಡಿಮೆ. ಅದೇ ವಿಮಾನ ಇಲ್ಲಿ ಶೇಕಡಾ 5ರಷ್ಟು ಹೆಚ್ಚು ವೇಗದಲ್ಲಿ ಇಳಿಯಬೇಕಾಗುತ್ತದೆ.

ವೈದ್ಯನಾಗಿ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಸಯನೊಅಕ್ರಿಲೇಟ್ ಅಂಟು ಹತ್ತಿಯ ಮೇಲೆ ಬಿದ್ದರೆ ತಟ್ಟನೆ ಕಾದು ಚರ್ಮ ಸುಡುತ್ತದೆ. ಪಂಚೆಯುಟ್ಟು ರೆಕ್ಕೆಯನ್ನು ಮಡಿಲಲ್ಲಿಟ್ಟುಕೊಂಡು ಅಂಟಿಸುವ ಅಪ್ಪಂದಿರು ಗಮನಿಸಬೇಕು. ಅಂಟು ಸಿಡಿದು ರೆಪ್ಪೆಗಳು ಕೂಡಿಕೊಂಡರೆ ಬಲವಂತದಿಂದ ಬಿಡಿಸಕೂಡದು. ಬೆಚ್ಚಗಿನ ನೀರಿನಿಂದ ತೊಳೆದು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಬೇಕು. ಹವಾನಿಯಂತ್ರಣಕ್ಕಾಗಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದರ ಆವಿ ಉಬ್ಬಸದ ಮಕ್ಕಳಿಗೆ ತೊಂದರೆ ಕೊಡುತ್ತದೆ. ಕಾರ್ಬನ್ ನಾರನ್ನು ಉಜ್ಜುವಾಗ ಮುಖಕ್ಕೆ ಮಾಸ್ಕ್ ಇರಲೇಬೇಕು.

ಹಾರಿಸುವ ಮೊದಲು ದೇಶದ ನಿಯಮವನ್ನೂ ಗಮನಿಸಬೇಕು. 2022ರ ಜನವರಿಯಲ್ಲಿ ಇಲ್ಲಿನ ಒಳಾಡಳಿತ ಸಚಿವಾಲಯವು ಡ್ರೋನ್ ಮತ್ತು ಲಘು ಕ್ರೀಡಾ ವಿಮಾನಗಳ ಹಾರಾಟವನ್ನೇ ತಡೆಹಿಡಿದಿತ್ತು. ನೋಂದಣಿಯಿಲ್ಲದೆ, ಅನುಮತಿಯಿಲ್ಲದ ಮರುಭೂಮಿಯ ಮೂಲೆಯಲ್ಲಿ ಹಾರಿಸಿದರಾಯಿತು ಎಂಬ ಧೈರ್ಯ ಪರದೇಶದಲ್ಲಿ ಸಲ್ಲದು.

ಕಡೆಯದಾಗಿ ಪರೀಕ್ಷೆ. ಬ್ಯಾಟರಿ ಸಹಿತ ವಿಮಾನವನ್ನು ಇಬ್ಬರು ಎರಡು ರೆಕ್ಕೆತುದಿಗಳಲ್ಲಿ ಹಿಡಿದು ಮೆಲ್ಲನೆ ಎತ್ತಬೇಕು. ಆಗ ಬುಡದ ಮೇಲೆ ಬೀಳುವ ಬಾಗುಬಲವು ಸಮತಲ ಹಾರಾಟದ ಸುಮಾರು ಎರಡರಷ್ಟು, ಅಂದರೆ ಆ 60 ಡಿಗ್ರಿಯ ತಿರುವಿಗೆ ಸಮ. ಒಡಲ ಮೇಲೆ ವಿಮಾನದಷ್ಟೇ ತೂಕದ ಮರಳಿನ ಚೀಲವನ್ನಿಟ್ಟು ಮತ್ತೊಮ್ಮೆ ಎತ್ತಿದರೆ ನಾಲ್ಕರಷ್ಟು. ಚಿಟ್ ಎಂಬ ಸಣ್ಣ ಸದ್ದು ಕೇಳಿದರೂ ಹೊದಿಕೆ ಬಿಚ್ಚಿ ಕೀಲನ್ನು ಮತ್ತೆ ನೋಡಬೇಕು. ಆ ದಿನ ಹಾರಾಟವಿಲ್ಲ.